ಸ್ಟೀಲ್ ತಟ್ಟೆಯ ಬಂಡಿ

ಸಿಂಧನೂರಿನ ಕೆರೆ ಏರಿಯ ಮೇಲೆ ಸಂಜೆ ಸಾಲಾಗಿ ನಿಲ್ಲುವ ತಿಂಡಿ ಬಂಡಿಗಳಲ್ಲಿ, ಕಾಗದದ ಪ್ಲೇಟಿನಲ್ಲಿ ಕೊಡುವವರ ಹತ್ತಿರ ಮಾತ್ರ ನನ್ನ ಅವ್ವ ತಿನ್ನುತ್ತಿದ್ದಳು. ಎಣ್ಣೆಯ ವಾಸನೆ ಎಷ್ಟೇ ಚೆನ್ನಾಗಿರಲಿ, ಮೊದಲು ಆಕೆಯ ಕಣ್ಣು ಹೋಗುತ್ತಿದ್ದುದು ಪ್ಲೇಟಿನ ಕಡೆಗೆ. ಸ್ಟೀಲ್ ತಟ್ಟೆ ಕಂಡರೆ ಹಸಿವಿಲ್ಲ ಎಂದು ಮುಂದೆ ನಡೆದುಬಿಡುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ನರ್ಸು. ಬಕೆಟ್ ನೀರಿನಲ್ಲಿ ಅದ್ದಿ ತೆಗೆದ ತಟ್ಟೆಗಳಿಂದ ಏನೇನು ಹೊಟ್ಟೆಗೆ ಹೋಗುತ್ತದೆ ಎಂದು ಮನೆಯಲ್ಲಿ ದಿನಾ ಭಾಷಣ ಬಿಗಿಯುವವಳು. ನನ್ನ ಭಾಷಣ ಕೊನೆಗೂ ಒಬ್ಬರ ತಲೆಗೆ ಹೋಯಿತಲ್ಲ ಎಂದು ಬೀಗಿದ್ದೇ ಬೀಗಿದ್ದು. ಡ್ಯೂಟಿ ರೂಮಿನಲ್ಲಿ ಚಹಾ ಕುಡಿಯುವಾಗ, ನಮ್ಮವ್ವ ಓದಿಲ್ಲ ಬರೆದಿಲ್ಲ, ಆದರೂ ನಿಮಗಿಂತ ಶಾಣ್ಯಾಕಿ ಎಂದು ಜೊತೆಯವರನ್ನು ಹಂಗಿಸಿದ್ದೂ ಉಂಟು.

ಏರಿಗೆ ಈಗ ಟೈಲ್ಸ್ ಹಾಕಿದ್ದಾರೆ, ಕಬ್ಬಿಣದ ಕಟಕಟೆ ಕಟ್ಟಿದ್ದಾರೆ, ಕೂರಲು ಕಲ್ಲಿನ ಬೆಂಚುಗಳಿವೆ. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಕೆರೆ ಅಂಚಿನವರೆಗೆ ತುಂಬಿರುತ್ತದೆ. ಆಚೆ ದಡದ ರೈಸ್ ಮಿಲ್ಲುಗಳ ಹಿಂದೆ ಹೊತ್ತು ಮುಳುಗುವಾಗ ನೀರೆಲ್ಲ ಕೆಂಪಾಗುತ್ತದೆ. ಮಸ್ಕಿ, ಲಿಂಗಸುಗೂರಿನಿಂದ ಮದುವೆ ಜವಳಿಗೆ ಬಂದವರು ಕೂಡ ಬಸ್ಸು ಹತ್ತುವ ಮುಂಚೆ ಇಲ್ಲೊಂದು ಸುತ್ತು ಹಾಕಿ, ಮಿರ್ಚಿ ತಿಂದು, ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನನಗೆ ಬೆಳಗಿನ ಪಾಳಿ ಇದ್ದ ದಿನ ನಾನೂ ಅವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ.

ಅವ್ವನಿಗೆ ಈ ಹೊತ್ತು ಮುಳುಗುವುದನ್ನು ನೋಡುವ ಗೀಳು ಅರ್ಥವೇ ಆಗಲಿಲ್ಲ. ಗೊರೇಬಾಳ, ವಳಕಮದಿನ್ನಿ ಕಡೆಯ ಗದ್ದೆಗಳಲ್ಲಿ ನಲವತ್ತು ವರ್ಷ ಬಗ್ಗಿ ಭತ್ತದ ಸಸಿ ಹಚ್ಚಿದವಳು. ಹೊತ್ತು ಮುಳುಗುವುದೆಂದರೆ ಆಕೆಗೆ ಸೊಂಟ ನೆಟ್ಟಗೆ ಮಾಡುವ ಸಮಯ, ಅಷ್ಟೇ. ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದನ್ನು ನೋಡಿ, ದಿನಾ ಮುಳುಗುವುದು ಇವತ್ತೇನು ಬೇರೆ ಥರ ಮುಳುಗುತ್ತದೆಯೇ ಎಂದು ಕೇಳುತ್ತಿದ್ದಳು. ಆದರೆ ಏರಿಯ ಗಾಳಿ ಆಕೆಗೆ ಇಷ್ಟ. ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೋಗಿ ಬರುವವರನ್ನು ನೋಡುವುದು ಇನ್ನೂ ಇಷ್ಟ.

ಸ್ಟೀಲ್ ತಟ್ಟೆಯ ಬಂಡಿ ಒಂದೇ ಒಂದಿತ್ತು, ಮತ್ತು ಏರಿಯ ಮೇಲಿನ ಒಳ್ಳೆಯ ತಿಂಡಿ ಇದ್ದುದೂ ಅಲ್ಲೇ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಹಣೆ ತುಂಬ ವಿಭೂತಿ. ಮಂಡಕ್ಕಿ ಒಗ್ಗರಣಿ ಮಾಡುವುದರಲ್ಲಿ ಆಕೆಯನ್ನು ಬಿಟ್ಟರಿಲ್ಲ. ಮಂಡಾಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಚಟಪಟ ಅನ್ನುವ ಬಾಣಲೆಗೆ ಸುರಿದು ತಿರುವುತ್ತಿದ್ದಳು. ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಎರಡು ಮಿರ್ಚಿ. ನೈರ್ಮಲ್ಯದ ಭಾಷಣ ಬಿಗಿಯುವ ನಾನೇ ಅವ್ವನನ್ನು ಬೆಂಚಿನಲ್ಲಿ ಕೂರಿಸಿ ಕದ್ದು ಹೋಗಿ ತಿಂದು ಬರುತ್ತಿದ್ದೆ. ಅವ್ವನಿಗೆ ಗೊತ್ತಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ, ಉಪ್ಪಿನಕಾಯಿ ಡಬ್ಬಿ ಬಚ್ಚಿಟ್ಟೆ ಎಂದು ನನ್ನ ಮೇಲೆ ಮುನಿಸಿಕೊಂಡು ಅವ್ವ ಅರ್ಧ ರೊಟ್ಟಿಗೇ ಎದ್ದಿದ್ದಳು. ಶುಗರ್ ಮಾತ್ರೆಯನ್ನು ಮಾತ್ರ ಪೂರ್ತಿ ನುಂಗಿದ್ದಳು. ಸಂಜೆ ಏರಿಯ ಮೇಲೆ ನಡೆಯುತ್ತಿದ್ದಾಗ ಆಕೆಯ ಕೈ ಸಣ್ಣಗೆ ನಡುಗಲು ಶುರುವಾಯಿತು, ಹಣೆಯಲ್ಲಿ ಬೆವರು. ಶುಗರ್ ಇಳಿದಿದೆ ಎಂದು ನನಗೆ ತಕ್ಷಣ ತಿಳಿಯಿತು. ಕಾಗದದ ಪ್ಲೇಟಿನ ಬಂಡಿಗಳು ಏರಿಯ ಆ ತುದಿಯಲ್ಲಿದ್ದವು. ಹತ್ತು ಹೆಜ್ಜೆ ದೂರದಲ್ಲಿ ಇದ್ದದ್ದು ಈ ಬಂಡಿಯೇ. ಆಕೆಯ ತಕರಾರಿಗೆ ಕಿವಿಗೊಡದೆ ಸ್ಟೂಲಿನ ಮೇಲೆ ಕೂರಿಸಿ, ಮೊದಲು ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿ, ಎರಡು ತಟ್ಟೆ ಒಗ್ಗರಣಿ ಹೇಳಿದೆ.

ಅವ್ವ ತಿಂದಳು. ಮೊದಲ ತುತ್ತು ಸಂಕೋಚದಿಂದ, ಆಮೇಲೆ ಒಂದು ಕಾಳೂ ಬಿಡದಂತೆ. ಕೈ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ನನಗೂ ಜೀವ ಬಂದಂತಾಗಿ, ಎದ್ದು ಕಟಕಟೆಗೆ ಒರಗಿ ಎಲ್ಲರ ಹಾಗೆ ಕೆರೆಯ ಫೋಟೋ ತೆಗೆಯುತ್ತಾ ನಿಂತೆ. ತಿರುಗಿ ನೋಡಿದರೆ ಸ್ಟೂಲು ಖಾಲಿ.

ಅವ್ವ ಬಂಡಿಯ ಹಿಂದೆ, ನೀರು ತುಂಬಿದ ಪ್ಲಾಸ್ಟಿಕ್ ಬುಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ತಾನು ತಿಂದ ತಟ್ಟೆಯನ್ನು ತೊಳೆಯುತ್ತಿದ್ದಳು. ಚಹಾದ ಗ್ಲಾಸು ಆಗಲೇ ತೊಳೆದಾಗಿತ್ತು. ನಾರಿನಿಂದ ತಿಕ್ಕಿ, ಮೂರು ಸಲ ನೀರು ಹಾಕಿ, ಎದ್ದಳು. ತೊಳೆದ ತಟ್ಟೆಗಳ ಗುಡ್ಡೆ ಅಲ್ಲೇ ಇತ್ತು. ಅದರ ಮೇಲೆ ಇಡಲಿಲ್ಲ. ನಾಲ್ಕು ಹೆಜ್ಜೆ ದೂರ ಹೋಗಿ, ಕಟಕಟೆಯ ಬುಡದ ಕಲ್ಲಿನ ಮೇಲೆ ತಟ್ಟೆಯನ್ನೂ ಗ್ಲಾಸನ್ನೂ ಬೇರೆಯಾಗಿ ಬೋರಲು ಹಾಕಿದಳು.

"ಯವ್ವಾ, ನೀವ್ಯಾಕ ತೊಳದ್ರಿ? ತೊಳ್ಯಾಕ ನಾ ಅದೀನಲ್ಲ," ಅಂದಳು ಬಂಡಿಯಾಕೆ.

"ಇರಲಿ ಬಿಡ್ರಿ," ಅಂದಳು ಅವ್ವ, ತನ್ನ ಮಗಳ ವಯಸ್ಸಿನವಳಿಗೆ.

ಬಂಡಿಯಾಕೆ ಬೋರಲು ಬಿದ್ದ ತಟ್ಟೆ ನೋಡಿದಳು, ಅವ್ವನ ಮುಖ ನೋಡಿದಳು, ನನ್ನನ್ನು ನೋಡಿದಳು. ನಮ್ಮ ಕಡೆ ಬೇರೆಯಾಗಿ ಬೋರಲು ಹಾಕಿದ ತಟ್ಟೆ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾವು ಯಾರ ಪೈಕಿ ಎಂಬುದನ್ನು ಅವ್ವ ಒಂದು ಮಾತೂ ಆಡದೆ ಏರಿಗೆಲ್ಲ ಸಾರಿದಂತಾಗಿತ್ತು. ನಾನು ಆಕೆಯ ರಟ್ಟೆ ಹಿಡಿದು ಸ್ಕೂಟಿಯವರೆಗೆ ಎಳೆದುಕೊಂಡೇ ಬಂದೆ. ಅವತ್ತು ನನಗೆ ಊರ ಮೇಲೆ ಸಿಟ್ಟು ಬಂದಿರಲಿಲ್ಲ, ಹಳೆಯ ಕಾಲದ ಮೇಲೂ ಬಂದಿರಲಿಲ್ಲ. ನಮ್ಮವ್ವನ ಬಗ್ಗೆ ನನಗೆ ನಾಚಿಕೆಯಾಗಿತ್ತು.

ದಾರಿಯುದ್ದಕ್ಕೂ ಬೈದೆ. ಮನೆಯಲ್ಲಿ ಬುದ್ಧನ ಪಟ ಇದೆ, ಮಗಳಿಗೆ ಸಂಬಳ ಬರುತ್ತದೆ, ಅಂಥದ್ದರಲ್ಲಿ ಇನ್ನೂ ಎಂಜಲು ತಟ್ಟೆ ತೊಳೆದು ಬೇರೆ ಇಡುತ್ತೀಯಲ್ಲ, ಈಗ ಯಾರು ಅದನ್ನೆಲ್ಲ ಕೇಳುತ್ತಾರೆ ಎಂದು ಕೂಗಾಡಿದೆ. ಬಾಯಿ ನನ್ನದು ಜೋರು, ಮೊದಲಿನಿಂದಲೂ. ಅವ್ವ ಮನೆಗೆ ಬಂದು ಕಾಲು ತೊಳೆದು ಹೊಸ್ತಿಲ ಬಳಿ ಕೂತ ಮೇಲೆ, ನನ್ನ ಗಂಟಲು ಸೋತ ಮೇಲೆ, ಹೇಳಿದಳು.

ಆಕೆ ಹುಟ್ಟಿದೂರಿನಲ್ಲಿ ಒಂದು ಚಹಾದಂಗಡಿ ಇತ್ತು. ಊರ ಹೆಸರು ಇಲ್ಲಿ ಬೇಡ, ಅಂಥ ಅಂಗಡಿ ಒಂದೇ ಊರಿನಲ್ಲಿ ಇರಲಿಲ್ಲ. ಅವ್ವನ ಕೇರಿಯವರ ಗ್ಲಾಸುಗಳು ಹೊರಗೆ ಚಪ್ಪರದ ಸೂರಿನಲ್ಲಿ ಸಿಕ್ಕಿಸಿರುತ್ತಿದ್ದವು. ತೆಗೆದುಕೊಳ್ಳಬೇಕು, ಮೇಲಿನಿಂದ ಹೊಯ್ದ ಚಹಾ ಕುಡಿಯಬೇಕು, ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಸಸಿ ಹಚ್ಚಲು ಹೊಸದಾಗಿ ಹೋಗುತ್ತಿದ್ದ ವಯಸ್ಸಿನಲ್ಲಿ ಒಂದು ದಿನ ಅವ್ವ ಗೆಳತಿಯರ ಜೊತೆ ನಗುತ್ತಾ ಮೈಮರೆತು, ಗ್ಲಾಸನ್ನು ಕಟ್ಟೆಯ ಮೇಲೆ ಬಿಟ್ಟು ನಡೆದಿದ್ದಳು. ಅಂಗಡಿಯವನು ಅದನ್ನು ಕಟ್ಟಿಗೆಯಿಂದ ನೂಕಿ ರಸ್ತೆಗೆ ಬೀಳಿಸಿದ. ಸ್ಟೀಲಿನದು, ಒಡೆಯಲಿಲ್ಲ. ಇಳಿಜಾರಿನಲ್ಲಿ ಠಣ ಠಣ ಉರುಳಿತು. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿರುವಾಗ ಅವ್ವ ಅದರ ಹಿಂದೆ ಓಡಿ ಎತ್ತಿಕೊಂಡು ಬಂದಳು.

"ಕಾಗದದ್ದಾದ್ರ ಎಲ್ಲಾರದೂ ತಿಪ್ಪಿಗೆ ಒಗಿತಾರ, ನಂದೂ ಒಗಿತಾರ," ಅಂದಳು. "ಸ್ಟೀಲಿಂದು ನಂದೊಂದ ಒಗದ್ರ ಸಪ್ಪಳ ಆಕ್ಕತಿ."

ನನ್ನ ನೈರ್ಮಲ್ಯ, ನನ್ನ ಭಾಷಣ, ಡ್ಯೂಟಿ ರೂಮಿನ ಬಡಾಯಿ ಎಲ್ಲ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಅವ್ವ ಮತ್ತೊಂದು ಮಾತು ಹೇಳಿದಳು.

"ಇವತ್ತು ನೀ ಎಳಕೊಂಡ ಬಂದಿ. ನಾವು ಬಂದ ಮ್ಯಾಲೆ ಆಕಿ ಆ ತಾಟು ಏನ್ ಮಾಡಿದಳೋ, ನೋಡಾಕ ಬಿಡಲಿಲ್ಲ ನೀ."

ಈಗ ಯಾರು ಕೇಳುತ್ತಾರೆ ಎಂದು ಕೂಗಾಡಿದ್ದೆನಲ್ಲ, ಆ ಮಾತು ನನಗೇ ಚುಚ್ಚತೊಡಗಿತು. ಈ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಪಕ್ಕದ ಮನೆಯವರು ನೀವು ಯಾರ ಪೈಕಿ ಎಂದು ಕೇಳಿದಾಗ, ನಾವು ಬೌದ್ಧರು ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮುಂಚೆ ಕುಕ್ಕರ್ ಕೂಗಿತು ಎಂದು ಒಳಗೆ ಓಡಿದವಳು ನಾನು. ಅವ್ವ ತಟ್ಟೆ ಬೇರೆ ಇಟ್ಟಳು, ನಾನು ಮಾತು ನುಂಗಿದೆ. ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಅದಾದ ಮೇಲೆ ಏರಿಯ ಕಡೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಆಸ್ಪತ್ರೆಯಿಂದ ಬರುವಾಗಲೂ ಬಸ್ ಸ್ಟ್ಯಾಂಡಿನ ಕಡೆಯಿಂದ ಸುತ್ತಿ ಬರುತ್ತಿದ್ದೆ. ಬಂಡಿಯಾಕೆ ಆ ತಟ್ಟೆಯನ್ನು ಗುಡ್ಡೆಗೆ ಸೇರಿಸಿದಳೋ, ಚರಂಡಿಗೆ ಎಸೆದಳೋ, ನನಗೂ ತಿಳಿಯಬೇಕಿತ್ತು. ತಿಳಿಯುವುದಕ್ಕೆ ಭಯವೂ ಇತ್ತು. ಮೂರು ವಾರ ಕಳೆದಿರಬೇಕು. ಒಂದು ಭಾನುವಾರ ಸಂಜೆ ಅವ್ವ ತಾನೇ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು, ಒಗ್ಗರಣಿ ತಿನ್ನಬೇಕು, ನಡಿ ಅಂದಳು. ನಾನು ಸ್ಕೂಟಿ ಹೊರಗೆ ತೆಗೆದೆ.

ಬಂಡಿಯಾಕೆ ನಮ್ಮನ್ನು ಗುರುತು ಹಿಡಿದಳು. ಬರ್ರಿ ಎಂದು ಸ್ಟೂಲು ಒರೆಸಿ ಕೊಟ್ಟಳು, ಬೇರೆಯವರಿಗೆ ಹೇಗೋ ಹಾಗೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವ್ವನಿಗೆ ಬಂದ ತಟ್ಟೆಯ ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು. ಅವ್ವ ನಿಧಾನಕ್ಕೆ ತಿಂದಳು. ತಿಂದು, ತಟ್ಟೆಯನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಕೈ ಒರೆಸಿಕೊಂಡು ಎರಡೂ ಕೈಗಳನ್ನು ತೊಡೆಯ ನಡುವೆ ಬಿಗಿಯಾಗಿ ಸೇರಿಸಿಕೊಂಡು ಕೂತಳು. ಎದ್ದು ಓಡಿ ಹೋಗಿ ತೊಳೆಯಬಾರದೆಂದು ಆ ಕೈಗಳನ್ನು ಆಕೆ ಹಿಡಿದಿಟ್ಟುಕೊಂಡಿದ್ದು ನನಗೆ ಕಾಣುತ್ತಿತ್ತು. ಜನರೆಲ್ಲ ಕೆರೆಯ ಕಡೆ ಮುಖ ಮಾಡಿ ನಿಂತಿದ್ದರು. ನಾವಿಬ್ಬರೇ ತಟ್ಟೆ ನೋಡುತ್ತಿದ್ದೆವು.

"ಆತೇನ್ರೀ ಯವ್ವಾ?" ಎನ್ನುತ್ತಾ ಬಂಡಿಯಾಕೆ ಬಂದಳು. ಕೈಯಲ್ಲಿ ಆಗಲೇ ನಾಲ್ಕಾರು ಎಂಜಲು ತಟ್ಟೆಗಳಿದ್ದವು. ಅವ್ವನದನ್ನೂ ನನ್ನದನ್ನೂ ಅವುಗಳ ಮೇಲೆ ಹೇರಿಕೊಂಡು ಹೋಗಿ ಒಂದೇ ಬುಟ್ಟಿಗೆ ಬಿಟ್ಟಳು. ಎಲ್ಲವನ್ನೂ ಒಟ್ಟಿಗೆ ತಿಕ್ಕಿ ತೊಳೆದಳು, ಒಂದೇ ಬಟ್ಟೆಯಿಂದ ಒರೆಸಿದಳು, ಗುಡ್ಡೆಯ ಮೇಲೆ ಪೇರಿಸಿದಳು. ತಗ್ಗು ಬಿದ್ದ ತಟ್ಟೆ ಮೇಲಿನಿಂದ ಎರಡನೆಯದು. ಇಷ್ಟು ಸಾಕು, ಇನ್ನು ಹೋಗೋಣ ಎಂದು ನಾನು ಎದ್ದೆ. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು.

ಮಿಲ್ಲಿಗೆ ಭತ್ತ ಹಾಕಿ ಬಂದವರಿರಬೇಕು, ಹೆಗಲ ಮೇಲೆ ಬಿಳಿ ಟವೆಲ್ಲು, ಹಣೆಯಲ್ಲಿ ಮೂರು ಬೆರಳ ವಿಭೂತಿ, ವಯಸ್ಸಾದ ಇಬ್ಬರು ಬಂದು ನಿಂತರು. ಮೊದಲ ತಟ್ಟೆ ಒಬ್ಬನಿಗೆ ಹೋಯಿತು. ತಗ್ಗಿನ ತಟ್ಟೆ ಎರಡನೆಯವನಿಗೆ. ಬಂಡಿಯಾಕೆ ಅದಕ್ಕೆ ಒಗ್ಗರಣಿ ಹಾಕುವಾಗ ಒಮ್ಮೆ ನಮ್ಮ ಕಡೆ ನೋಡಿದಳು. ಆಕೆಗೆ ಎಲ್ಲ ಗೊತ್ತಿತ್ತು. ಆತನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ತಿನ್ನುತ್ತಿದ್ದನೋ ಇಲ್ಲವೋ ನಾನು ಹೇಳಲಾರೆ. ಆತ ಮಿರ್ಚಿ ಮುರಿದು, ಊದಿ ಊದಿ ತಿಂದ. ಖಾರಕ್ಕೆ ಮೂಗು ಒರೆಸಿಕೊಂಡ. ಕೊನೆಗೆ ತಟ್ಟೆಗೆ ಅಂಟಿದ ಪುಟಾಣಿ ಹಿಟ್ಟನ್ನೂ ಬೆರಳಿನಿಂದ ಬಳಿದು ಬಾಯಿಗೆ ಇಟ್ಟುಕೊಂಡ.

ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಅಳಲಿಲ್ಲ. ತಾನೇ ಮಾಡಿ ಬಡಿಸಿದವಳ ಹಾಗೆ ಆ ಮನುಷ್ಯನನ್ನೇ ನೋಡುತ್ತಿದ್ದಳು.

"ಎಷ್ಟ್ ಚಂದ ತಿಂದ ನೋಡವಾ," ಅಂದಳು.