ಮೂರನೇ ಮಹಡಿಯ ಡಬ್ಬ ಹೇಳಿದ್ದು

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ‘ವೈಫೈ ಅಣ್ಣ’ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಕೆಲಸ. ಮಹಡಿಗೊಂದರಂತೆ ಚಾವಣಿಗೆ ಅಂಟಿಕೊಂಡ ನಾಲ್ಕು ಬಿಳಿ ವೈಫೈ ಡಬ್ಬಗಳು. ಯಾವ ಡಬ್ಬಕ್ಕೆ ಯಾವ ಫೋನು ಜೋತುಬಿದ್ದಿದೆ, ಎಷ್ಟು ಡೇಟಾ ಓಡಾಡಿತು ಎಂದು ಪರದೆಯ ಮೇಲೆ ನೋಡುತ್ತ ಕೂರುವುದು. ನೆಟ್ ನಿಧಾನವಾದರೆ ಬೈಗುಳ. ಸರಿಯಾಗಿದ್ದರೆ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ನೆನಪಿರುವುದಿಲ್ಲ.

ಅಂಥವನಿಗೆ ಒಂದು ದಿನ ಬೆಲೆ ಬಂತು. ರೋಗಿಗಳ ವರದಿಗಳು ಹೊರಗೆ ಸೋರುತ್ತಿವೆ ಎಂದು ದೂರು ಬಂದಿತ್ತು. ಹನ್ನೊಂದೂವರೆಯ ಚಹಾಕ್ಕೆ ಎಲ್ಲರೂ ನೆರೆದಿದ್ದಾಗ ಮ್ಯಾನೇಜರು ಕೇಳಿದರು: "ಯಾರ ಫೋನಿಂದ ಹೋಗ್ತಿದೆ, ಹೇಳ್ರೀ."

ಅವನು ಲ್ಯಾಪ್‌ಟಾಪ್ ತಿರುಗಿಸಿದ. ಮೂರನೇ ಮಹಡಿಯ ಡಬ್ಬ. ದಿನಾ ಊಟದ ಹೊತ್ತಿನಲ್ಲಿ ಒಂದೇ ಫೋನು. ‘ಕಳುಹಿಸಿದ್ದು’ ಎಂಬ ಕಾಲಂನಲ್ಲಿ ಬೆಟ್ಟದಷ್ಟು, ‘ಪಡೆದದ್ದು’ ಎಂಬಲ್ಲಿ ಸಾಸಿವೆಯಷ್ಟು.

"ಟೈಪಿಂಗ್ ಅಕ್ಕಂದು, ಸಾರ್."

ವರದಿ ಟೈಪು ಮಾಡುವ ಅಕ್ಕ ಲೋಟ ಕೆಳಗಿಟ್ಟಳು. "ನಾನು ಯಾರಿಗೂ ಏನೂ ಕಳಿಸಿಲ್ಲ. ಊಟ ಮಾಡ್ತಾ ಪಾಠದ ವಿಡಿಯೋ ನೋಡ್ತೀನಿ, ಅಷ್ಟೆ."

"ನೋಡಿದ್ರೆ ಒಳಗೆ ಬರ್ಬೇಕಲ್ಲಕ್ಕಾ. ಇಲ್ಲಿ ಹೊರಗೆ ಹೋಗಿದೆ."

"ಅಕ್ಕ ಮೇಜಿನ ಕೆಳಗೆ ಬೆರಳು ಆಡಿಸೋವಾಗ್ಲೇ ನಂಗೆ ಡೌಟಿತ್ತು ಬಿಡಿ," ಎಂದ ರಕ್ತ ತೆಗೆಯುವವನು. ನಗೆ ಎದ್ದಿತು. ಸಂಜೆಯೊಳಗೆ ಅಕ್ಕನ ಕೆಲಸ ಹೋಯಿತು.

ಯಂತ್ರ ಸುಳ್ಳು ಹೇಳುವುದಿಲ್ಲವಂತೆ! ನಿಜ, ಹೇಳುವುದಿಲ್ಲ. ಅದನ್ನು ಓದುವವನ ಕೊಬ್ಬಿಗೆ ಮಾತ್ರ ಯಾವ ಮೀಟರೂ ಇಲ್ಲ.

ಮೂರು ವಾರದ ಮೇಲೆ ಹೊಸ ಡಬ್ಬವೊಂದನ್ನು ಪರೀಕ್ಷಿಸಲು ಅವನು ತನ್ನ ಫೋನಿಗೇ ಒಂದು ಸಿನಿಮಾ ಇಳಿಸಿಕೊಳ್ಳುತ್ತಿದ್ದ. ಪರದೆಯಲ್ಲಿ ‘ಕಳುಹಿಸಿದ್ದು’ ಸರಸರ ಏರುತ್ತಿತ್ತು. ತಾನು ಏನನ್ನೂ ಕಳುಹಿಸುತ್ತಿಲ್ಲವಲ್ಲ! ಆಗ ತಲೆಗೆ ಹೊಳೆಯಿತು. ಡಬ್ಬ ಬರೆಯುವುದು ತನ್ನದೇ ಲೆಕ್ಕವನ್ನು, ಫೋನಿನದನ್ನಲ್ಲ. ಅದು ಕಳುಹಿಸಿದ್ದೆಲ್ಲ ಫೋನಿಗೆ ಬಂದದ್ದು. ಹನ್ನೊಂದು ವರ್ಷ ಒಟ್ಟು ಮೊತ್ತವನ್ನಷ್ಟೇ ನೋಡಿದವನಿಗೆ ದಿಕ್ಕು ನೋಡುವ ಕೆಲಸವೇ ಬಿದ್ದಿರಲಿಲ್ಲ. ಬಿದ್ದ ಒಂದೇ ಒಂದು ದಿನ ತಿರುಗಾಮುರುಗಾ ಓದಿದ್ದ.

ನೇರ ಮ್ಯಾನೇಜರ ಬಳಿ ಹೋದ.

"ಈಗ್ಯಾಕ್ರೀ ಕೆದಕ್ತೀರಿ?"

"ಅಕ್ಕ ಅಲ್ಲ ಸಾರ್. ನಿನ್ನೆ ಕೂಡ ದೂರು ಬಂತಲ್ಲ."

"ಬಾಯಿ ಮುಚ್ಕೊಂಡಿರಿ. ಇಲ್ದಿದ್ರೆ ನಿಮ್ಮ ಕುರ್ಚೀನೂ ಹೋಗತ್ತೆ."

ಮುಚ್ಚಿಕೊಂಡಿದ್ದ, ನಾಲ್ಕು ದಿನ. ರಾತ್ರಿ ಊಟಕ್ಕೆ ಕೂತ. "ಏನ್ರೀ, ತಟ್ಟೇನೂ ಪರದೆ ಅಂದ್ಕೊಂಡ್ರಾ? ಬರೀ ನೋಡ್ತಾ ಕೂತಿದ್ದೀರಿ," ಎಂದಳು ಹೆಂಡತಿ.

ಭಾನುವಾರ ಅಕ್ಕನ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆರೆದ ಅಕ್ಕ ಒಳಗೆ ಕೂತಿದ್ದ ತಾಯಿಯ ಕಡೆ ತಿರುಗಿ ಬೆರಳು ಆಡಿಸಿದಳು. ಮುದುಕಿಯ ಬೆರಳುಗಳು ತಡವರಿಸುತ್ತ ಉತ್ತರ ಕೊಟ್ಟವು.

"ಹೋದ ವರ್ಷ ಅಮ್ಮನಿಗೆ ಕಿವಿ ಪೂರ್ತಿ ಹೋಯ್ತು," ಎಂದಳು ಅಕ್ಕ. "ಕೈಭಾಷೆ ನಾನು ಮಧ್ಯಾಹ್ನ ಕಲಿತು, ಸಂಜೆ ಅವಳಿಗೆ ಕಲಿಸ್ತಿದ್ದೆ. ನೀವ್ಯಾರು ಅಂತ ಕೇಳ್ತಿದ್ದಾಳೆ. ಏನು ಹೇಳ್ಲಿ?"

ಅವನು ಹೊಸ್ತಿಲಾಚೆಯೇ ನಿಂತು ಎಲ್ಲ ಒಪ್ಪಿಕೊಂಡ. ಕ್ಷಮಿಸಿ ಅಕ್ಕಾ ಎಂದ.

"ಡಬ್ಬ ಹೇಳಿದ್ದು ಕೇಳಿದ್ರಿ, ನಾನು ಹೇಳಿದ್ದು ಕೇಳ್ಲಿಲ್ಲ. ಕಳ್ಳಿ ಅಂತ ಎಲ್ಲರ ಮುಂದೆ ಅಂದ್ರಿ. ಕ್ಷಮೆ ಮಾತ್ರ ಇಲ್ಲಿ, ಪಿಸುಮಾತಲ್ಲಿ?" ಅಕ್ಕ ಬಾಗಿಲು ಹಾಕಿಕೊಂಡಳು.

ಸೋಮವಾರ ಹನ್ನೊಂದೂವರೆಗೆ, ಲೋಟಗಳ ನಡುವೆ ಅವನು ಅದೇ ಲ್ಯಾಪ್‌ಟಾಪ್ ಇಟ್ಟ. ತನ್ನ ಫೋನಿನಲ್ಲಿ ಕೈಭಾಷೆಯ ಪಾಠವೊಂದನ್ನು ಹಚ್ಚಿದ.

"ಎಲ್ರೂ ಈ ಕಾಲಂ ನೋಡಿ. ಇದು ಡಬ್ಬ ಕಳಿಸ್ತಿರೋದು. ನಾನಲ್ಲ. ಅವತ್ತು ಅಕ್ಕನೂ ಕಳಿಸಿರ್ಲಿಲ್ಲ. ಉಲ್ಟಾ ಓದಿದ್ದು ನಾನು."

ಯಾರೂ ನಗಲಿಲ್ಲ. ರಕ್ತ ತೆಗೆಯುವವನು ಲೋಟದೊಳಗೇ ಕಣ್ಣು ನೆಟ್ಟಿದ್ದ. ಸಂಖ್ಯೆ ಏರುತ್ತಲೇ ಇತ್ತು.

"ನನ್ನ ರೂಮಿಗೆ ಬನ್ರೀ," ಬಾಗಿಲಿನಿಂದ ಮ್ಯಾನೇಜರ ದನಿ.

"ಬರ್ತೀನಿ ಸಾರ್," ಎಂದ ಅವನು, ಕದಲದೆ. "ಪಾಠ ಮುಗೀಲಿ."