ಮಂಕರಿ ಮನೆಯ ಮೇಡಂ

ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರು ತಿಂಗಳುಗಟ್ಟಲೆ ಕಪ್ಪಗೇ ಇತ್ತು. ಒಂದು ಏಟಿನ ಕಪ್ಪು ಮಾಯುವ ಹೊತ್ತಿಗೆ ಸುತ್ತಿಗೆ ಮತ್ತೊಂದು ಸಲ ಅಲ್ಲಿಗೇ ಬೀಳುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳು ಬೋರ್ಡು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದರು. ಮೇಡಂ ಸೀಮೆಸುಣ್ಣ ಕೆಳಗಿಟ್ಟು, "ಪೈಪು ಚಪ್ಪಟೆ ಮಾಡಾಕೋಗಿ ಬೆರಳು ಚಪ್ಪಟೆ ಆಯ್ತು. ಈಗ ಬೋರ್ಡ್ ನೋಡಿ" ಎನ್ನುತ್ತಿದ್ದರು.

ನಾವಿಬ್ಬರೂ ಭಾರತೀನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆವು. ನಾನು ಕನ್ನಡ, ಅವರು ಫಿಸಿಕ್ಸ್. ನನ್ನದು ಖಾಯಂ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರು ಕೊನೆಯವರೆಗೂ ಅತಿಥಿ ಉಪನ್ಯಾಸಕಿ. ಹದಿನೆಂಟು ವರ್ಷ ಒಂದೇ ಕಡೆಗೆ ದಿನಾ ಬರುವವರನ್ನು ಅತಿಥಿ ಎಂದು ಕರೆಯುವುದು ಆದೇಶದ ಕಾಗದಗಳಲ್ಲಿ ಮಾತ್ರ.

ಮದುವೆಯಾಗಿರಲಿಲ್ಲ. ಮಂಡಿ ನೋವಿನ ತಾಯಿಯನ್ನು ಕಟ್ಟಿಕೊಂಡು ಮದ್ದೂರು, ಮಂಡ್ಯ, ಮತ್ತೆ ಮದ್ದೂರು ಎಂದು ಬಾಡಿಗೆ ಮನೆ ಬದಲಾಯಿಸುತ್ತಲೇ ಇದ್ದರು. ಮನೆ ತೋರಿಸುವವರು ಮೊದಲು ನಲ್ಲಿ, ಬಚ್ಚಲು, ಕರೆಂಟಿನ ಮೀಟರು ತೋರಿಸುತ್ತಾರೆ. ಆಮೇಲೆ ಬಾಗಿಲಲ್ಲಿ ನಿಂತು, ಏನೋ ಮರೆತಿದ್ದವರಂತೆ, "ಅಂದಂಗೆ, ನೀವೇನ್ ಜನ?" ಎನ್ನುತ್ತಾರೆ. ನಮ್ಮ ಕಡೆ ಜಾತಿ ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ, ಜನ ಎಂದರೆ ಸಾಕು. ಮೇಡಂ ಮುಚ್ಚಿಡದೆ ಹೇಳುತ್ತಿದ್ದರು. ಹೇಳಿದ ಕೂಡಲೇ ಆ ಮನೆಗೆ ಸುಣ್ಣ ಬಣ್ಣ ಆಗಬೇಕಿರುತ್ತಿತ್ತು, ಇಲ್ಲವೇ ಓನರ್ ಮಗಳ ಮದುವೆ ಹತ್ತಿರ ಬಂದಿರುತ್ತಿತ್ತು. ಕೇಳದೆ ಕೊಟ್ಟವರು ಒಳಗೆ ಬುದ್ಧನ ಪಕ್ಕ ನೀಲಿ ಕೋಟಿನ ಫೋಟೊ ಕಂಡ ಮೇಲೆ ಎರಡು ತಿಂಗಳಲ್ಲಿ ಖಾಲಿ ಮಾಡಿಸುತ್ತಿದ್ದರು.

ಮದ್ದೂರಿನಲ್ಲಿ ನಮ್ಮ ಮನೆಯ ಮೇಲಿನ ಮನೆ ಖಾಲಿ ಇತ್ತು. ಅದು ಅವರಿಗೆ ಹೇಗೋ ಗೊತ್ತಾಗಿ, ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿದರು. ನಾನು ಮನೆಯಲ್ಲಿ ಪ್ರಸ್ತಾಪ ಮಾಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು, "ಏನ್ ಜನ ಅಂತ ಕೇಳ್ದಾ?" ಎಂದರು. ಕೇಳಬೇಕಾದ್ದೇನೂ ಇರಲಿಲ್ಲ, ನನಗೆ ಗೊತ್ತಿತ್ತು. ಹೇಳಿದೆ. ಅತ್ತೆ ಮತ್ತೆ ಅವರೆಕಾಯಿಯ ಕಡೆ ತಿರುಗಿದರು. ನಾನೂ ಮಾತು ಮುಂದುವರಿಸಲಿಲ್ಲ. ಮಾರನೆಯ ದಿನ ಮೇಡಂಗೆ, "ಊರಿಂದ ನೆಂಟರು ಬರ್ತಿದಾರೆ ಮೇಡಂ, ಮೇಲಿನ ಮನೆ ಅವರಿಗೇ ಬೇಕಂತೆ" ಎಂದೆ. "ಆಯ್ತು ಬುಡಮ್ಮ" ಎಂದರು ಅವರು, ಮತ್ತೆ ಪೇಪರ್ ತಿದ್ದತೊಡಗಿದರು. ಬಹಳ ದಿನ ನಾನು ಮನಸ್ಸಿನಲ್ಲೇ ಅತ್ತೆಯನ್ನು ಬೈದುಕೊಂಡೆ. ಸುಳ್ಳು ಹೇಳಿದ್ದು ಮಾತ್ರ ನನ್ನ ಬಾಯಿ.

ಅದಾದ ಮೇಲೆ ಅವರು ಯಾರನ್ನೂ ಮನೆ ಕೇಳಲು ಹೋಗಲಿಲ್ಲ. ಮಳವಳ್ಳಿ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಅಪ್ಪ ಬಿಟ್ಟುಹೋಗಿದ್ದ ಒಂದು ಸೈಟಿತ್ತು. ಗೋಡೆ, ತಾರಸಿಯ ಮನೆ ಎಬ್ಬಿಸುವ ಶಕ್ತಿ ಅವರ ಸಂಬಳಕ್ಕಿರಲಿಲ್ಲ. ಮೊಬೈಲಿನಲ್ಲಿ ಎಲ್ಲಿಯದೋ ವಿಡಿಯೊ ನೋಡಿ, ಕಬ್ಬಿಣದ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಬೋಲ್ಟ್ ಹಾಕಿ ಗುಮ್ಮಟದಂತೆ ನಿಲ್ಲಿಸುವ ಮನೆಯ ಲೆಕ್ಕ ಬರೆದುಕೊಂಡು ಬಂದರು. "ಡೋಮ್ ಅಂತಾರೆ ಕಣಮ್ಮ ಇದ್ಕೆ. ಇಬ್ಬರು ಹೆಂಗಸ್ರು ಎತ್ತಬೌದು. ಯಾರನ್ನೂ ಏನೂ ಕೇಳಂಗಿಲ್ಲ. ನಂಗೆ ಅಂಥ ಮನೆ ಬೇಕು" ಎಂದರು. ಎರಡನೇ ಹೆಂಗಸು ಯಾರು ಎಂದು ನಾನು ಕೇಳಲಿಲ್ಲ, ಭಾನುವಾರ ಬಸ್ಸು ಹತ್ತಿ ಹೋದೆ. ಸ್ನೇಹ ಎನ್ನಲು ನಾಚಿಕೆಯಾಗುತ್ತದೆ. ಮನಸ್ಸು ಚುಚ್ಚುತ್ತಿತ್ತು, ಅದಕ್ಕೇ ಹೋದೆ.

ಅರವತ್ತೈದು ಪೈಪು, ಎರಡೇ ಅಳತೆ. ಉದ್ದದ್ದಕ್ಕೆ ಹಸಿರು, ಗಿಡ್ಡದ್ದಕ್ಕೆ ಕೆಂಪು. ಪ್ರತಿ ಪೈಪಿನ ಎರಡೂ ತುದಿಯನ್ನು ಮೇಡಂ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ತೂತು ಕೊರೆದರು. ನನ್ನದು ಬಣ್ಣ ಹಚ್ಚುವ ಕೆಲಸ. ಅವರ ತಾಯಿ ಮೊರದ ತುಂಬ ಬೋಲ್ಟು ನಟ್ಟು ಇಟ್ಟುಕೊಂಡು, ರಾಗಿಯಲ್ಲಿ ಕಲ್ಲು ಆರಿಸುವಂತೆ ಜೋಡಿ ಮಾಡಿ ಕೊಡುತ್ತಿದ್ದರು. ದಾರಿಯಲ್ಲಿ ಹೋಗುವ ಮುದುಕರೊಬ್ಬರು ದಿನಾ ನಿಂತು ನೋಡಿ ಒಂದು ದಿನ, "ಏನವ್ವ ಇದು, ಕೋಳಿ ಮುಚ್ಚೋ ಮಂಕರಿ ಆದಂಗದಲ್ಲ" ಎಂದರು. ಅಂದಿನಿಂದ ಅದು ಮಂಕರಿ ಮನೆಯೇ ಆಯಿತು. ಮೇಡಂಗೆ ಬೇಜಾರಿಲ್ಲ. "ಮಂಕರಿ ಒಳಗಿನ ಕೋಳೀನ ಯಾರಾದ್ರೂ ಎಬ್ಬಸ್ತಾರಾ? ಇರ್ಲಿ ಬುಡಿ" ಎಂದರು.

ನಾಲ್ಕನೇ ಭಾನುವಾರ ಪೈಪುಗಳೆಲ್ಲ ಮೇಲಕ್ಕೆ ಎದ್ದವು. ನೆತ್ತಿಯಲ್ಲಿ ಕೊನೆಯ ಐದು ಪೈಪು ಒಂದೇ ಬೋಲ್ಟಿಗೆ ಸೇರಬೇಕಿತ್ತು. ನಾಲ್ಕು ಸೇರಿದವು, ಐದನೆಯದು ಗೇಣುದ್ದ ಹಿಂದೆಯೇ ನಿಂತಿತು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. "ಹಗ್ಗ ಕಟ್ಟಿ ಎಳೆದು, ಇನ್ನೊಂದು ತೂತು ಹೊಡೆದುಬಿಡೋಣ ಮೇಡಂ" ಎಂದೆ. ಅವರು ಏಣಿ ಇಳಿದು ಬಂದು, ಕೆಳಗಿನ ಸಾಲಿನಿಂದ ಒಂದೊಂದೇ ಪೈಪಿಗೆ ಟೇಪು ಹಿಡಿಯುತ್ತಾ ಸುತ್ತು ಬಂದರು. ಎರಡನೇ ಸಾಲಿನಲ್ಲಿ ಸಿಕ್ಕಿತು. ಒಂದು ಗಿಡ್ಡ ಪೈಪಿಗೆ ಹಸಿರು ಬಣ್ಣ ಬಳಿದಿತ್ತು. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಅಳೆಯದೆ ಹಚ್ಚಿದವಳು ನಾನೇ.

"ಇಲ್ಲಿ ಒಂದು ಸುಳ್ಳಾದ್ರೆ ಅದು ಇಲ್ಲೇ ಕಾಣಾಕಿಲ್ಲ ಕಣಮ್ಮ. ಎಲ್ಲಾನೂ ಒಂಚೂರು ಒಂಚೂರು ತಳ್ಕೊಂಡೋಗಿ ಮೇಲೆ ಬಾಯಿ ಬುಡ್ತದೆ" ಎಂದರು. ಆಮೇಲೆ ಕೂತು ಬೋಲ್ಟು ಸಡಿಲಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ ಕೇಳಿದರು. "ನಿಮ್ಮ ಮೇಲಿನ ಮನೆಗೆ ನೆಂಟ್ರು ಬಂದ್ರಾ?"

ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಇಲ್ಲ ಮೇಡಂ. ಯಾರೂ ಬರಲಿಲ್ಲ" ಎಂದೆ.

"ಗೊತ್ತು. ಆ ಸ್ಪ್ಯಾನರ್ ಕೊಡು."

ಅಷ್ಟೇ. ಅವರು ರೇಗಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ, ಆ ಸೌಕರ್ಯವನ್ನೂ ಅವರು ಕೊಡಲಿಲ್ಲ. ಅವತ್ತು ಮೇಲಿನ ಅರ್ಧ ಗುಮ್ಮಟ ಬಿಚ್ಚಿದೆವು. ಮತ್ತೆ ಎಬ್ಬಿಸಲು ಇನ್ನೂ ಎರಡು ಭಾನುವಾರ ಹಿಡಿಯಿತು. ನಾನು ಎರಡೂ ವಾರ ಹೋದೆ, ಪ್ರತಿ ಪೈಪನ್ನೂ ಎರಡು ಸಲ ಅಳೆದೆ.

ಪೈಪಿನ ಮೇಲೆ ಕೋಳಿ ಜಾಲರಿ ಬಿಗಿದು ಸಿಮೆಂಟು ಮೆತ್ತಿದ ಮೇಲೆ ತಾಯಿ ಮಗಳು ಒಳಗೆ ಹೋದರು. ಅದೇನು ಸುಖದ ಮನೆಯಲ್ಲ. ಗೋಡೆಯೇ ಒಳಕ್ಕೆ ಬಾಗಿದ್ದರಿಂದ ಬೀರು ಗೋಡೆಗೆ ಒರಗುತ್ತಿರಲಿಲ್ಲ, ಫೋಟೊಗಳು ಮೊಳೆಯಿಂದ ಜೋತಾಡುತ್ತಿದ್ದವು. ಕೊನೆಗೆ ಅವನ್ನು ಸ್ಟೂಲಿನ ಮೇಲೆ ಇಟ್ಟರು. ಮೊದಲ ಮಳೆಗೇ ಮೂರು ಕಡೆ ಸೋರಿತು. ಮೇಡಂ ರಜೆ ಬಂದಾಗಲೆಲ್ಲ ಏಣಿ ಹಾಕಿ ಬಿರುಕು ಮುಚ್ಚುತ್ತಿದ್ದರು, ಅದು ಪಕ್ಕದಲ್ಲಿ ಬಿಡುತ್ತಿತ್ತು. ಕಾಲೇಜಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. "ಸಾಕಾಯ್ತು ಕಣಮ್ಮ. ಒಂದಿನ ಸುಮ್ನೆ ಮಲಗಬೇಕು" ಎನ್ನುತ್ತಿದ್ದರು. ತಾಯಿಗೆ ಮಾತ್ರ ದೂರಿರಲಿಲ್ಲ. ನಾನು ಹೋದಾಗಲೆಲ್ಲ, "ಸೋರ್ತದೆ, ಸೋರ್ಲಿ. ಬಾಗ್ಲಲ್ಲಿ ಯಾರೂ ನಿಂತ್ಕಂಡು ಕೇಳಾಕಿಲ್ಲ" ಎನ್ನುತ್ತಿದ್ದರು. ಆ ಅಮ್ಮ ಮೂರನೇ ಮಳೆಗಾಲದಲ್ಲಿ ಅದೇ ಮನೆಯಲ್ಲಿ ತೀರಿಕೊಂಡರು.

ಮೇಡಂ ಹೋದದ್ದು ಕಳೆದ ವರ್ಷ. ಹೊಟ್ಟೆಯ ಗಡ್ಡೆ ಮಂಡ್ಯದ ಆಸ್ಪತ್ರೆಯಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ನೋಡಲು ಹೋದಾಗ ನೆಂಟರ ವಿಷಯಕ್ಕೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಕೈ ಅಲ್ಲಾಡಿಸಿ, "ಈಗ ಅದೆಲ್ಲ ಬ್ಯಾಡ, ಸುಸ್ತಾಗ್ತದೆ" ಎಂದರು. ನನಗಾಗಿ ಅಲ್ಲ, ನಿಜವಾಗಿಯೂ ಅವರಿಗೆ ಸುಸ್ತಾಗಿತ್ತು.

ತಿಥಿ ಮುಗಿದ ಮೇಲೆ ಹಾಸನದಲ್ಲಿರುವ ಅವರ ತಮ್ಮ ಮನೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು. ಮನೆ ಖಾಲಿ ಬಿಡಬೇಡ, ಬಾಡಿಗೆಗೆ ಕೊಡು, ಜನ ನೋಡಿ ಕೊಡುವ ಕೆಲಸ ಆ ಕನ್ನಡ ಮೇಡಂಗೇ ವಹಿಸು ಎಂದಿದ್ದರಂತೆ ಅಕ್ಕ.

"ನಾನೇ ಯಾಕೆ?" ಎಂದೆ.

ತಮ್ಮ ತಡವರಿಸಿದರು. "ನಾನೂ ಅದೇ ಕೇಳ್ದೆ ಮೇಡಂ. ಮನೆ ಕೊಟ್ಟು ಅಭ್ಯಾಸ ಆಗ್ಲಿ ಅವರಿಗೆ ಅಂದ್ಲು."

ಹೋದ ತಿಂಗಳು ಮೊದಲ ಬಾಡಿಗೆಯವಳು ಬಂದಳು. ಮಳವಳ್ಳಿಗೆ ನರ್ಸ್ ಕೆಲಸಕ್ಕೆ ಬಂದ ಹುಡುಗಿ, ಕೊಳ್ಳೇಗಾಲದ ಕಡೆಯವಳು. ನಲ್ಲಿ ತೋರಿಸಿದೆ, ಬಚ್ಚಲು ತೋರಿಸಿದೆ, ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನೂ ತೋರಿಸಿದೆ. ಹೆಸರು ಕೇಳಿದೆ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಆಮೇಲೆ ಬಾಗಿಲಿಗೆ ಬಂದು ನಿಂತು, "ಅಂದಂಗೆ" ಎಂದೆ. ಬಸ್ಸಿನ ಹೊತ್ತು ಹೇಳಲಿಕ್ಕೆ ಎಂದು ಈಗ ಅಂದುಕೊಳ್ಳುತ್ತೇನೆ, ನಿಜವಾಗಿ ಏನು ಹೇಳಲು ಹೊರಟಿದ್ದೆನೋ ನನಗೇ ಗೊತ್ತಿಲ್ಲ.

ಹುಡುಗಿ ನೆಲ ನೋಡಿದಳು. ಮೆಲ್ಲಗೆ, ಬಾಯಿಪಾಠ ಒಪ್ಪಿಸುವ ಹಾಗೆ, ತನ್ನ ಜನ ಯಾವುದೆಂದು ಹೇಳಿದಳು.

ನಾನು ಕೇಳಿರಲಿಲ್ಲ. ಕೇಳುವವಳ ಮುಖ ಮಾಡಿಕೊಂಡು ನಿಂತಿದ್ದೆ.