ಕಾರಿಗೆ ಉದ್ಧರಣೆಯಲ್ಲಿ ನೀರು ಕುಡಿಸಿದ ಶಾಂತಕ್ಕ

ಶಾಂತಕ್ಕನ ಉಗುರುಗಳಲ್ಲಿ ಸದಾ ಮಸಿ. ಬ್ಯಾಂಕಿನಲ್ಲಿ ಯಾರಾದರೂ ದಿಟ್ಟಿಸಿದರೆ ಕೈ ಮುಚ್ಚಿಕೊಳ್ಳುವ ಹೆಂಗಸಲ್ಲ. ಇನ್ನಷ್ಟು ಮುಂದಕ್ಕೆ ಚಾಚಿ, "ಇಂಜಿನ್ ಮಸಿರೀ ಇದು, ಪಾತ್ರಿ ಮಸಿ ಅಲ್ಲ" ಅನ್ನೋರು.

ನಾನು ಮೈಸೂರಿನಿಂದ ವೈಜಾಗಿನ ಗಾಜುವಾಕಕ್ಕೆ ವರ್ಗವಾಗಿ ಬಂದಾಗ ಧಾರವಾಡದ ಈ ಶಾಂತಕ್ಕ ಪಕ್ಕದ ಮನೆಯವರು, ಪಕ್ಕದ ಕೌಂಟರಿನವರು ಕೂಡ. ಆ ವರ್ಷವೇ ಗಂಡ ತೀರಿಕೊಂಡಿದ್ದರು. ಅವರ ಹಳೇ ಕಾರನ್ನು ಈಕೆ ಒಬ್ಬರೇ ಓಡಿಸುತ್ತಾರೆಂದು ಬೀದಿಯಲ್ಲೆಲ್ಲ ಗುಸುಗುಸು. ಗುಸುಗುಟ್ಟಿದವರ ಬಾಗಿಲಲ್ಲೇ ಬೇಕಂತ ಹಾರ್ನ್ ಹೊಡೆದು ಹೋಗೋರು. ನನಗಂತೂ ಖುಷಿಯೋ ಖುಷಿ.

ಒಂದು ಬೇಸಿಗೆಯಲ್ಲಿ ಕಾರು ಕೆಮ್ಮತೊಡಗಿತು. ಸಣ್ಣ ಏರಿಗೂ ನಿಂತುಬಿಡೋದು. "ಇಂಜಿನ್ ಅಯಿಪೋಯಿಂದಮ್ಮಾ, ಅಮ್ಮೇಯಂಡಿ" ಎಂದು ಮೆಕ್ಯಾನಿಕ್ ತೆಲುಗಿನಲ್ಲಿ ಕೈಚೆಲ್ಲಿದ; ಇಂಜಿನ್ ಮುಗಿಯಿತು, ಮಾರಿಬಿಡಿ ಅಂತ. ಸುದ್ದಿ ಹೇಗೆ ಮುಟ್ಟಿತೋ, ಧಾರವಾಡದಿಂದ ಮೈದುನ ಪ್ರಾಣೇಶ ಬಂದಿಳಿದ. ಕೊಳ್ಳುವವನನ್ನೂ ಹುಡುಕಿಟ್ಟಿದ್ದ.

"ಮುಗಿದ ಗಾಡಿ ವೈನಿ, ಕೊಟ್ಟುಬಿಡ್ರಿ. ನಿಮ್ಮಂಥವರು ಬಸ್ಸಿನ್ಯಾಗ ಹೋದ್ರನ ಛಂದ."

"ನಾಳೆ ಮುಂಜಾನೆ ಸರಿಯಾಗಿ ಓಡಲಿಲ್ಲಂದ್ರ ಒಯ್ಯಿ" ಅಂದರು ಶಾಂತಕ್ಕ.

ಬೆಳಿಗ್ಗೆ ಪ್ರಾಣೇಶ, ಕೊಳ್ಳುವವನು ಇಬ್ಬರೂ ನೋಡುತ್ತಿದ್ದ ಹಾಗೆ ಶಾಂತಕ್ಕ ಸೆರಗು ಸಿಕ್ಕಿಸಿ ಏರ್ ಫಿಲ್ಟರ್ ಬಿಚ್ಚಿದರು. ಕಾರ್ಬ್ಯುರೇಟರಿನ ಬಾಯಿಗೆ ಬೆರಳು ಹಾಕಿದರೆ ಕಾಡಿಗೆಯಂಥ ಕಾರ್ಬನ್. "ಇಂಜಿನ್ ಸತ್ತಿಲ್ಲ ಬಿಡು, ಗಂಟಲು ಕಟ್ಟೇದ." ಸೀಮೆಎಣ್ಣೆ, ಬ್ರಷ್ಷು ಹಿಡಿದು ಕೈಗೆ ಸಿಕ್ಕಷ್ಟು ಉಜ್ಜಿದರು. ಒಳಗಿನದಕ್ಕೆ ನೀರೇ ಮದ್ದಂತೆ: ಬಿಸಿ ಇಂಜಿನ್ನಿಗೆ ಹೋದ ನೀರು ಉಗಿಯಾಗಿ ಮಸಿ ಕೀಳುತ್ತದೆ. ಇಂಜಿನ್ ಚಾಲೂ ಮಾಡಿ, ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿ, "ಒತ್ತವಾ ಆಕ್ಸಿಲರೇಟರ್, ಅಂಜಬ್ಯಾಡ" ಅಂದರು. ತಂಬಿಗೆಯಿಂದ ಕಾರ್ಬ್ಯುರೇಟರಿನ ಬಾಯಿಗೆ ನೀರು ಹಾಕಿದ್ದೇ ಜಾಸ್ತಿಯಾಗಿ ಇಂಜಿನ್ ಗಕ್ಕನೆ ನಿಂತಿತು. ಪ್ರಾಣೇಶ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಶಾಂತಕ್ಕ ದೇವರ ಕೋಣೆಗೆ ಹೋಗಿ, ಗಂಡ ಸಂಧ್ಯಾವಂದನೆಗೆ ಬಳಸುತ್ತಿದ್ದ ಪುಟ್ಟ ಚಮಚ, ಉದ್ಧರಣೆ ತಂದರು.

"ಅಯ್ಯಯ್ಯೋ, ಅಣ್ಣನ ಉದ್ಧರಣಿ!"

"ನಿಮ್ಮಣ್ಣನ ಗಾಡಿ, ನಿಮ್ಮಣ್ಣನ ಉದ್ಧರಣಿ. ನಡುವ ನಿಂದೇನಪಾ?"

ನಾನು ಮತ್ತೆ ಚಾಲೂ ಮಾಡಿ ಒತ್ತಿದೆ. ಅವರು ತೀರ್ಥ ಕೊಟ್ಟ ಹಾಗೆ ಉದ್ಧರಣೆ ಉದ್ಧರಣೆಯಾಗಿ ನೀರು ಬಿಟ್ಟರು. ಸೈಲೆನ್ಸರಿನಿಂದ ಬಿಳಿ ಹಬೆ, ಆಮೇಲೆ ಕಗ್ಗಪ್ಪು ಹೊಗೆ. ಎದುರುಮನೆಯವರು ಒಣಗಲು ಹಾಕಿದ ಪಂಚೆಗಳೆಲ್ಲ ಕಪ್ಪು! ಕೂಗಾಟದ ನಡುವೆಯೇ ಇಂಜಿನ್ನಿನ ಕೆಮ್ಮು ನಿಂತು, ಒಂದೇ ಸಮನೆ ಗುನುಗತೊಡಗಿತು. ಕೊಳ್ಳಲು ಬಂದವನು ಚಹಾಕ್ಕೂ ನಿಲ್ಲಲಿಲ್ಲ.

ವಿಜಯವಾಡಕ್ಕೆ ವರ್ಗವಾದಾಗಲೂ ಶಾಂತಕ್ಕ ಅದೇ ಕಾರಿನಲ್ಲಿ, ಅನಕಾಪಲ್ಲಿಯಲ್ಲಿ ಬೆಲ್ಲ ಕೊಂಡು, ಒಬ್ಬರೇ ಹೋದರು.

ನಾನು ಅವರನ್ನು ಕೊನೆಗೆ ಕಂಡಿದ್ದು ವಿಜಯವಾಡದ ಪಟಮಟದ ಮನೆಯಲ್ಲಿ. ಕಣ್ಣು ಮಂಜಾಗಿ ಓಡಿಸುವುದು ನಿಂತಿತ್ತು. ಕಾರು ಮಾರಿಬಿಡಿ ಎಂದು ಪ್ರಾಣೇಶ ಮತ್ತೆ ಫೋನು ಮಾಡುತ್ತಿದ್ದನಂತೆ. ಕೀಲಿಯನ್ನೂ ಉದ್ಧರಣೆಯನ್ನೂ ನನ್ನ ಅಂಗೈಗಿಟ್ಟರು.

"ನನಗೆ ಓಡಿಸೋಕೆ ಬರಲ್ಲ ಶಾಂತಕ್ಕ!"

"ಅವತ್ತು ಒತ್ತಿದಾಕಿ ನೀನ ಅಲ್ಲೇನು? ಅರ್ಧ ಕಲತೀ. ಉಳಿದರ್ಧ ಕಲತು ಬಂದು ಒಯ್ಯಿ."

ಕಲಿತು ಹೋಗುವಷ್ಟರಲ್ಲಿ ಶಾಂತಕ್ಕ ತೀರಿಕೊಂಡಿದ್ದರು. ಅಂಗಳದಲ್ಲಿ ಪ್ರಾಣೇಶ ನಿಂತಿದ್ದ. "ಹೆಣ್ಣುಮಗಳು ಒಬ್ಬಾಕೀನೇ ವೈಜಾಗ್ ತನಕಾ?" ಅಂದ. ನಾನು ಕಾರಿನಲ್ಲಿ ಕೂತೆ, ಕೀಲಿ ತಿರುಗಿಸಿದೆ, ಗೇಟು ದಾಟುವಾಗ ಬೇಕಂತಲೇ ಉದ್ದಕ್ಕೆ ಹಾರ್ನ್ ಹೊಡೆದೆ.